ಕಾರಿನ ತೂಕ ಇಳಿಸಿದವರಿಗೆ ನಷ್ಟವಾಗದಿರಲಿ: ಕೇಂದ್ರ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಚಿವರಿಗೆ ಬೆಂಗಳೂರಿನ ಪೀಣ್ಯದಿಂದ ಒಬ್ಬ ಸಣ್ಣ ಉದ್ಯಮಿಯ ಗೌರವಪೂರ್ವಕ ನಮಸ್ಕಾರಗಳು.

ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿವೆ. ಇದಕ್ಕೆ ಕೊಳ್ಳುವವರ ಆಸೆಯೊಂದೇ ಕಾರಣವಲ್ಲ. ಸರ್ಕಾರದ ಸೂತ್ರ, ಕಂಪನಿಗಳ ಖರೀದಿ ವಿಭಾಗದ ಲೆಕ್ಕಾಚಾರ, ನಮ್ಮಂತಹ ಬಿಡಿಭಾಗ ತಯಾರಕರ ಬಿಲ್ಲು, ಎಲ್ಲವೂ ತೂಕದ ಕಡೆಗೇ ವಾಲಿವೆ. ತೂಕ ಇಳಿಸಿದವನಿಗೆ ಇಲ್ಲಿ ಸಿಗುವ ಲಾಭ ಅತ್ಯಲ್ಪ. ಕೆಲವೆಡೆ ನೇರ ನಷ್ಟವೇ ಆಗುತ್ತದೆ. ಕಾರು ತಯಾರಿಕೆ ಮತ್ತು ಉಕ್ಕು ಎರಡೂ ಇಂದು ಒಬ್ಬ ಕನ್ನಡಿಗರ ಕೈಯಲ್ಲಿರುವುದರಿಂದ ಈ ಮಾತನ್ನು ತಮಗೇ, ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ನಾನು ಪೀಣ್ಯದಲ್ಲಿ ಒಂದು ಪ್ರೆಸ್ ಶಾಪ್ ನಡೆಸುತ್ತೇನೆ. ಉಕ್ಕಿನ ತಗಡನ್ನು ಒತ್ತಿ ಬ್ರಾಕೆಟ್, ಸೀಟಿನ ಚೌಕಟ್ಟಿನ ಭಾಗ, ಬಾಗಿಲಿನ ಒಳಗೆ ಕೂರುವ ಪಟ್ಟಿಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಅವು ದೊಡ್ಡ ಸರಬರಾಜುದಾರರ ಮೂಲಕ ಕಾರು ಕಂಪನಿಗಳನ್ನು ಸೇರುತ್ತವೆ. ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉಕ್ಕು. ಆ ಉಕ್ಕಿನಲ್ಲಿ ಎಷ್ಟು ಅಗತ್ಯ, ಎಷ್ಟು ದಂಡ ಎಂಬುದು ಅದನ್ನು ದಿನವಿಡೀ ಕೈಯಲ್ಲಿ ಹಿಡಿಯುವವರಿಗೆ ಗೊತ್ತಾಗುತ್ತದೆ.

ಕೆಲವು ವರ್ಷಗಳ ಹಿಂದೆ ಸೀಟಿನ ಕೆಳಗೆ ಕೂರುವ ಒಂದು ಬ್ರಾಕೆಟ್ಟಿನ ಕೆಲಸ ನಮಗೆ ಬಂತು. ನಕ್ಷೆಯಲ್ಲಿದ್ದದ್ದು 2 ಮಿಲಿಮೀಟರ್ ದಪ್ಪದ ಸಾಧಾರಣ ತಗಡು. ನಮ್ಮ ಟೂಲ್ ರೂಮಿನ ಹಿರಿಯ ಡೈ ಮೇಕರ್ (ತಗಡು ಒತ್ತುವ ಅಚ್ಚು, ಅಂದರೆ ಡೈ, ಮಾಡುವವರು) ಮಾದರಿಯನ್ನು ತಿರುಗಿಸಿ ನೋಡಿ, 1.2 ಮಿಲಿಮೀಟರಿನ ಗಟ್ಟಿ ಉಕ್ಕು ತೆಗೆದುಕೊಂಡು, ಮಧ್ಯದಲ್ಲಿ ಎರಡು ಏಣು ಒತ್ತಿ, ಅಂಚುಗಳನ್ನು ಮಡಿಸಿದರೆ ಇದೇ ಕೆಲಸ ಆಗುತ್ತದೆ, ತೂಕ ಮೂರನೇ ಒಂದು ಪಾಲು ಇಳಿಯುತ್ತದೆ ಎಂದರು. ಮಾದರಿ ಮಾಡಿ, ಭಾರ ಹೇರಿ ಪರೀಕ್ಷಿಸಿ, ಕೆಲಸ ಕೊಟ್ಟ ಕಂಪನಿಗೆ ಒಪ್ಪಿಸಿದೆವು. ವಿನ್ಯಾಸ ವಿಭಾಗದವರು ಮೆಚ್ಚಿಕೊಂಡರು. ಅಲ್ಲಿಂದ ಕಡತ ಖರೀದಿ ವಿಭಾಗಕ್ಕೆ ಹೋಯಿತು. ಅವರು ಎರಡು ಪ್ರಶ್ನೆ ಕೇಳಿದರು: ಮರುಪರೀಕ್ಷೆಯ ಖರ್ಚು ಯಾರದು? ತಗಡು ಕಡಿಮೆಯಾದ ಮೇಲೆ ನಿಮ್ಮ ದರವನ್ನೂ ಅಷ್ಟೇ ಇಳಿಸುತ್ತೀರಲ್ಲವೇ?

ನಮ್ಮ ವ್ಯವಹಾರದಲ್ಲಿ ಬಿಡಿಭಾಗದ ಬೆಲೆ ಹೇಗೆ ಕಟ್ಟುತ್ತಾರೆಂದು ತಿಳಿದರೆ ಈ ಎರಡನೆಯ ಪ್ರಶ್ನೆಯ ಬಿಸಿ ತಮಗೆ ತಟ್ಟುತ್ತದೆ. ಅದಕ್ಕೆ ಹೋಗುವ ತಗಡಿನ ತೂಕಕ್ಕೆ ಕಿಲೋ ದರ, ಅದರಲ್ಲಿ ಸ್ಕ್ರ್ಯಾಪಿನ ಬೆಲೆ ಕಳೆದು, ಒತ್ತುವ ಕೂಲಿ ಸೇರಿಸಿ, ಒಟ್ಟು ಮೊತ್ತದ ಮೇಲೆ ಒಂದಿಷ್ಟು ಶೇಕಡಾ ಲಾಭ. ಅಂದರೆ ತಗಡು ಹೆಚ್ಚು ತೂಗಿದಷ್ಟೂ ನನ್ನ ಬಿಲ್ಲು ದೊಡ್ಡದು. ತೂಕ ಇಳಿಸುವ ಬುದ್ಧಿ, ಹೊಸ ಡೈ, ಹೊಸ ಪರೀಕ್ಷೆ ಎಲ್ಲವೂ ನನ್ನ ಖರ್ಚು. ಅದರಿಂದ ಕಡಿಮೆಯಾಗುವುದು ನನ್ನದೇ ಆದಾಯ. ಆ ಬ್ರಾಕೆಟ್ ಹಳೆಯ ನಕ್ಷೆಯಂತೆಯೇ, ಅದೇ ದಪ್ಪ ತಗಡಿನಲ್ಲಿ ತಯಾರಾಗಿ ಹೋಯಿತು. ಇಂತಹ ನೂರಾರು ಭಾಗಗಳು ಒಂದು ಕಾರಿನಲ್ಲಿವೆ. ಖರೀದಿ ವಿಭಾಗದವರನ್ನು ನಾನು ದೂರುತ್ತಿಲ್ಲ. ಗ್ರಾಂ ಉಳಿಸಿ ಎಂದು ಅವರಿಗೆ ಯಾರೂ ಹೇಳಿಲ್ಲ, ಪೈಸೆ ಉಳಿಸಿ ಎಂದಷ್ಟೇ ಹೇಳಿದ್ದಾರೆ.

ಅವರಿಗೆ ಯಾಕೆ ಹೇಳಿಲ್ಲ ಎಂದು ಹುಡುಕುತ್ತಾ ಹೋದರೆ ದಾರಿ ದೆಹಲಿಗೆ ಹೋಗಿ ಮುಟ್ಟುತ್ತದೆ.

ಕಂಪನಿಗಳು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಹಾಕುವ ನಿಯಮ, ಉದ್ಯಮದವರ ಬಾಯಲ್ಲಿ 'ಕೆಫೆ' ಆಗಿರುವುದು, 2017-18ರಿಂದ ಜಾರಿಯಲ್ಲಿದೆ. 2022-23ರಿಂದ ಅದರ ಎರಡನೆಯ ಹಂತ. ಈ ನಿಯಮದಲ್ಲಿ ಎಲ್ಲರಿಗೂ ಒಂದೇ ಗುರಿ ಇಲ್ಲ. ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಗುರಿ ಸಡಿಲವಾಗುತ್ತದೆ. ಎರಡನೆಯ ಹಂತದ ಸೂತ್ರದ ಪ್ರಕಾರ ಸರಾಸರಿ ತೂಕ 100 ಕೆ.ಜಿ. ಏರಿದರೆ, 100 ಕಿ.ಮೀ. ಓಟಕ್ಕೆ 0.2 ಲೀಟರ್ ಹೆಚ್ಚು ಇಂಧನ ಸುಡಲು ಅನುಮತಿ ಸಿಗುತ್ತದೆ. 100 ಕೆ.ಜಿ. ಇಳಿಸಿದರೆ ಅಷ್ಟೇ ಅನುಮತಿ ಕಳೆದುಹೋಗುತ್ತದೆ. ಈಗ ಎಂಜಿನಿಯರುಗಳ ಲೆಕ್ಕ ನೋಡಿ. ಕಾರಿನ ತೂಕ 100 ಕೆ.ಜಿ. ಇಳಿದು, ಅದಕ್ಕೆ ತಕ್ಕಂತೆ ಎಂಜಿನ್ನೂ ಚಿಕ್ಕದಾದರೆ, 100 ಕಿ.ಮೀ.ಗೆ ಉಳಿಯುವ ಪೆಟ್ರೋಲ್ ಸುಮಾರು 0.3 ಲೀಟರ್. ಅಂದರೆ ಕಷ್ಟಪಟ್ಟು ಉಳಿಸಿದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನು ಬಿಗಿಯಾದ ಗುರಿಯೇ ನುಂಗಿಹಾಕುತ್ತದೆ. ಎಂಜಿನ್ ಬದಲಾಯಿಸದೆ ದೇಹವನ್ನಷ್ಟೇ ಹಗುರ ಮಾಡಿದರೆ ಉಳಿಯುವುದು ಬಹುತೇಕ ಏನೂ ಇಲ್ಲ. ಇಷ್ಟು ತಿಳಿದ ಯಾವ ಕಂಪನಿ ಹಗುರ ಬ್ರಾಕೆಟ್ಟಿಗೆ ಮರುಪರೀಕ್ಷೆಯ ಖರ್ಚು ಮಾಡುತ್ತದೆ?

ಮೊದಲ ಹಂತದ ಸೂತ್ರ 1037 ಕೆ.ಜಿ.ಯ ಸರಾಸರಿ ಕಾರನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಎರಡನೆಯ ಹಂತದಲ್ಲಿ ಅದು 1145 ಆಯಿತು. ಐದು ವರ್ಷಗಳಲ್ಲಿ ಕಾರು 108 ಕೆ.ಜಿ. ಭಾರವಾಗುತ್ತದೆ ಎಂಬುದನ್ನು ನಿಯಮವೇ ಮುಂಚಿತವಾಗಿ ಒಪ್ಪಿಕೊಂಡಿತು. ಆಗ ಒಪ್ಪಿದ್ದನ್ನು ಇಂದು ರಸ್ತೆಯಲ್ಲಿ ಕಾಣುತ್ತಿದ್ದೇವೆ. 1983ರಲ್ಲಿ ಬಂದ ಮಾರುತಿ 800 ತೂಗುತ್ತಿದ್ದದ್ದು ಸುಮಾರು 650 ಕೆ.ಜಿ. 2009ರಲ್ಲಿ ಮಾರಾಟಕ್ಕೆ ಬಂದ ನ್ಯಾನೋ 600 ಕೆ.ಜಿ. ಆಸುಪಾಸು. 2023-24ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳಲ್ಲಿ 25 ಲಕ್ಷ ಎಸ್‌ಯುವಿ ಮತ್ತು ಅಂತಹ ಎತ್ತರದ ವಾಹನಗಳು. ಮನೆಯಿಂದ ಕಚೇರಿಗೆ ಒಬ್ಬರನ್ನು ಕರೆದೊಯ್ಯಲು ಒಂದೂವರೆ ಟನ್ ಲೋಹ ಉರುಳುತ್ತಿದೆ.

ಉದ್ದದ ಮೇಲಿನ ನಿಯಮವೂ ತೂಕವನ್ನು ಕಾಯಲಿಲ್ಲ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಇಳಿಸಿದರು. ಉದ್ದೇಶ ಒಳ್ಳೆಯದೇ. ಆದರೆ ತಯಾರಕರು ಉದ್ದವನ್ನು ನಾಲ್ಕು ಮೀಟರಿನೊಳಗೆ ಸರಿಯಾಗಿ ಕತ್ತರಿಸಿ, ಎತ್ತರ ಮತ್ತು ಅಗಲವನ್ನು ಬೆಳೆಸಿದರು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲೂ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40 ಎಂದು ವಿಂಗಡಿಸಿರುವುದು ಉದ್ದ ಮತ್ತು ಎಂಜಿನ್ ಗಾತ್ರದಿಂದಲೇ. ತೂಕದ ಮಾತು ಅಲ್ಲಿ ಬರುವುದೇ ಇಲ್ಲ.

ಭಾರವಾದ ಕಾರು ಸುರಕ್ಷಿತ ಎಂಬ ವಾದವನ್ನು ತಾವು ಪದೇ ಪದೇ ಕೇಳಿರುತ್ತೀರಿ. ಷೋರೂಮಿನಲ್ಲಿ ಜನ ಬಾನೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಬಾಗಿಲು ಮುಚ್ಚುವ ಸದ್ದನ್ನು ಕೇಳುತ್ತಾರೆ. ತಗಡು ಒತ್ತುವವನಾಗಿ ಹೇಳುತ್ತೇನೆ: ಹೊರಗಿನ ಆ ತಗಡು ಒಳ್ಳೆಯ ಕಾರಿನಲ್ಲೂ ಮುಕ್ಕಾಲು ಮಿಲಿಮೀಟರ್ ಆಸುಪಾಸಿನದು, ಅಪಘಾತದಲ್ಲಿ ಅದರ ಪಾತ್ರ ತೀರಾ ಸಣ್ಣದು. ಜೀವ ಉಳಿಸುವುದು ಒಳಗಿನ ಅಸ್ಥಿಪಂಜರ. ಬಾಗಿಲಿನ ನಡುವಿನ ಕಂಬ, ಕೆಳಗಿನ ತೊಲೆ, ಬಾಗಿಲೊಳಗಿನ ಅಡ್ಡಪಟ್ಟಿ ಯಾವ ಉಕ್ಕಿನವು, ಹೇಗೆ ಬೆಸೆಯಲಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದಕ್ಕೆ ಸಾಕ್ಷಿ ನಮ್ಮ ರಸ್ತೆಯಲ್ಲೇ ಇದೆ. 2024ರಲ್ಲಿ ಬಂದ ಹೊಸ ಡಿಸೈರ್, ಪೆಟ್ರೋಲ್ ಮಾದರಿಯಲ್ಲಿ ಸಾವಿರ ಕೆ.ಜಿ.ಗಿಂತ ಕಡಿಮೆ ತೂಗುತ್ತದೆ. ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಅದಕ್ಕೆ ಐದು ನಕ್ಷತ್ರ ಸಿಕ್ಕಿತು. ಹಗುರ ಕಾರು ಗಟ್ಟಿಯೂ ಆಗಬಲ್ಲದು ಎಂಬ ಚರ್ಚೆ ಅಲ್ಲಿಗೆ ಮುಗಿಯಬೇಕಿತ್ತು.

ನಕ್ಷತ್ರಗಳು ಮುಖ್ಯವಾಗಿ ಹೇಳುವುದು ಒಳಗೆ ಕುಳಿತವರ ಕಥೆಯನ್ನು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ ಶೇ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19ಕ್ಕಿಂತ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಮೂವರಲ್ಲಿ ಇಬ್ಬರಷ್ಟು ಸಾವು ಲೋಹದ ಕವಚವೇ ಇಲ್ಲದವರದು. ಎರಡು ಟನ್ನಿನ ವಾಹನ 800 ಕೆ.ಜಿ.ಯ ಕಾರಿಗೆ ಎದುರಿನಿಂದ ಗುದ್ದಿದಾಗ, ಹಗುರ ಕಾರಿನ ವೇಗದಲ್ಲಾಗುವ ಹಠಾತ್ ಬದಲಾವಣೆ ಭಾರದ ವಾಹನದ್ದರ ಎರಡೂವರೆ ಪಟ್ಟು. ಸ್ಕೂಟರ್ ಸವಾರನಿಗಂತೂ ಆ ಲೆಕ್ಕವೂ ಬೇಕಿಲ್ಲ. ಒಬ್ಬರ ಸುರಕ್ಷತೆಯನ್ನು ಇನ್ನೊಬ್ಬರ ಮೈಮೇಲೆ ಹೇರಿ ಕೊಳ್ಳುವ ಪೈಪೋಟಿ ಇದು. ಹೀಗೆ ಬಿಟ್ಟರೆ ಪ್ರತಿಯೊಬ್ಬರೂ ಎದುರಿನವರಿಗಿಂತ ಭಾರದ ಕಾರನ್ನೇ ಹುಡುಕುತ್ತಾ ಹೋಗುತ್ತಾರೆ.

ತೂಕ ಇಳಿಸುವುದು ಹೇಗೆ ಎಂಬುದು ಗುಟ್ಟೇನಲ್ಲ. 1998ರಲ್ಲಿ ಹಲವು ದೇಶಗಳ 35 ಉಕ್ಕಿನ ಕಂಪನಿಗಳು ಸೇರಿ ಒಂದು ಕಾರಿನ ದೇಹವನ್ನು ಮತ್ತೆ ರೂಪಿಸಿ ತೋರಿಸಿದವು. ಆಗಿನ ಸಮಾನ ಕಾರುಗಳ ದೇಹ ಸರಾಸರಿ 271 ಕೆ.ಜಿ. ಇದ್ದರೆ ಅವರದು 203 ಕೆ.ಜಿ. ಅಲ್ಯೂಮಿನಿಯಂ ಇಲ್ಲ, ಇಂಗಾಲದ ನಾರಿಲ್ಲ (ಕಾರ್ಬನ್ ಫೈಬರ್), ಬರೀ ಉಕ್ಕು. ಅಂದಿನಿಂದ ಉಕ್ಕು ಇನ್ನೂ ಮುಂದೆ ಹೋಗಿದೆ. ಬೋರಾನ್ ಬೆರೆಸಿದ ತಗಡನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಒತ್ತುವ ಡೈಯೊಳಗೇ ತಣಿಸಿದರೆ ಅದರ ಬಲ ಸಾಧಾರಣ ಉಕ್ಕಿನ ನಾಲ್ಕೈದು ಪಟ್ಟಾಗುತ್ತದೆ. ಹೊಸ ಕಾರುಗಳ ಕಂಬಗಳಲ್ಲಿ ಇದೇ ಇರುತ್ತದೆ. ಇನ್ನೊಂದು ವಿಷಯ ನಮ್ಮ ಕಸುಬಿನವರಿಗಷ್ಟೇ ಗೊತ್ತಿರುವಂಥದ್ದು. ಗಟ್ಟಿ ಉಕ್ಕು ಸುಲಭವಾಗಿ ಹರಿಯದಿದ್ದರೂ, ಭಾರ ಬಿದ್ದಾಗ ಬಾಗುವುದರಲ್ಲಿ ಅದು ಸಾಧಾರಣ ಉಕ್ಕಿನಂತೆಯೇ, ತೆಳುವಾದಷ್ಟೂ ಹೆಚ್ಚು ಬಾಗುತ್ತದೆ. ತಗಡನ್ನು ತೆಳುವಾಗಿಸಿದರೆ ಸಾಲದು, ಆಕಾರವನ್ನೂ ಬದಲಿಸಬೇಕು: ಏಣು, ಮಡಿಕೆ, ಪೆಟ್ಟಿಗೆಯ ರೂಪ. ಒತ್ತಿದ ಮೇಲೆ ಗಟ್ಟಿ ತಗಡು ಹಿಂದಕ್ಕೆ ಚಿಮ್ಮುತ್ತದೆ, ಅದನ್ನು ಲೆಕ್ಕ ಹಾಕಿ ಡೈಯನ್ನು ಮತ್ತೆ ಮತ್ತೆ ಕೊರೆಯಬೇಕು, ಪ್ರೆಸ್ಸಿನ ಟನ್ನೇಜ್, ಅಂದರೆ ಒತ್ತುವ ಬಲ, ಸಾಲದೇ ಬರುತ್ತದೆ. ಪೀಣ್ಯದ ಸಣ್ಣ ಅಂಗಡಿಗಳು ಹಿಂದೆ ಬಿದ್ದಿರುವುದು ಇಲ್ಲಿಯೇ. ಬುದ್ಧಿ ಇದೆ, ಯಂತ್ರವಿಲ್ಲ.

ಅಲ್ಯೂಮಿನಿಯಂ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಉಕ್ಕಿನ ಮೂರನೇ ಒಂದರಷ್ಟು ಸಾಂದ್ರತೆ, ನಿಜ. ಆದರೆ ಅದಿರಿನಿಂದ ಒಂದು ಕಿಲೋ ತೆಗೆಯಲು ಸುಮಾರು 14-15 ಯೂನಿಟ್ ವಿದ್ಯುತ್ ಬೇಕು, ನಮ್ಮ ದೇಶದಲ್ಲಿ ಆ ವಿದ್ಯುತ್ ಹೆಚ್ಚಾಗಿ ಕಲ್ಲಿದ್ದಲಿನಿಂದ ಬರುತ್ತದೆ. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ ಅದರ ಇಪ್ಪತ್ತನೇ ಒಂದು ಭಾಗದಷ್ಟು ಶಕ್ತಿ ಸಾಕು. ಹಾಗಾಗಿ ಮರುಬಳಕೆಯ ಅಲ್ಯೂಮಿನಿಯಂ ಎಂಜಿನ್ ಮತ್ತು ಚಕ್ರಕ್ಕೆ ಇರಲಿ, ದೇಹಕ್ಕೆ ಉಕ್ಕೇ ಸರಿ. ಇಂಗಾಲದ ನಾರಿನ ವಿದ್ಯೆ ನಮ್ಮ ಊರಿಗೆ ಹೊಸದಲ್ಲ, ತೇಜಸ್ ಯುದ್ಧ ವಿಮಾನದ ದೇಹದ ತೂಕದಲ್ಲಿ ಸುಮಾರು ಶೇ 45 ಅದೇ ಇದೆ. ಆದರೆ ಹತ್ತು ಲಕ್ಷದ ಕಾರಿಗೆ ಅದು ಎಟುಕುವುದಿಲ್ಲ.

ಒಂದು ಕಡೆ ಇಳಿದ ತೂಕ ಬೇರೆ ಕಡೆಯೂ ಇಳಿಸುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬೇಕು. ದೇಹ ಹಗುರವಾದರೆ ಚಿಕ್ಕ ಎಂಜಿನ್ ಸಾಕು, ಚಿಕ್ಕ ಬ್ರೇಕ್, ಸಣ್ಣ ಸ್ಪ್ರಿಂಗ್, ಸಣ್ಣ ಇಂಧನ ಟ್ಯಾಂಕ್ ಸಾಕು. ಭಾರದ ವಿಷಯದಲ್ಲೂ ಹೀಗೆಯೇ, ತಿರುಗು ಮುರುಗಾಗಿ. ಚಾವಣಿಯುದ್ದಕ್ಕೂ ಗಾಜಿನ ಸನ್‌ರೂಫ್ ಹಾಕಿದಾಗ ಗಾಜು ಮತ್ತು ಮೋಟಾರಿನ ತೂಕವಷ್ಟೇ ಸೇರುವುದಿಲ್ಲ, ತೆರೆದ ಚಾವಣಿಯನ್ನು ಹಿಡಿದಿಡಲು ಸುತ್ತಲಿನ ಚೌಕಟ್ಟನ್ನೂ ದಪ್ಪ ಮಾಡಬೇಕಾಗುತ್ತದೆ. ನಿಯಮ ಬದಲಿಸಿದರೆ ತೂಕ ಇಳಿಯುತ್ತದೆ ಎಂಬುದನ್ನು ಕೇಂದ್ರವೇ ಒಮ್ಮೆ ತೋರಿಸಿದೆ. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತಿಳಿಸುವ ಸಾಧನ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ತಿದ್ದುಪಡಿ ಬಂತು.

ವಿದ್ಯುತ್ ಕಾರುಗಳ ವಿಷಯದಲ್ಲಿ ತೂಕ ಇನ್ನೂ ಮುಖ್ಯವಾಗುತ್ತದೆ. ಭಾರದ ಕಾರಿಗೆ ದೊಡ್ಡ ಬ್ಯಾಟರಿ, ದೊಡ್ಡ ಬ್ಯಾಟರಿಯಿಂದ ಇನ್ನಷ್ಟು ಭಾರ. ಆ ಬ್ಯಾಟರಿಯ ಕೋಶಗಳಿಗೆ ನಾವು ಇನ್ನೂ ಬಹುಮಟ್ಟಿಗೆ ಹೊರದೇಶವನ್ನೇ ನೆಚ್ಚಿಕೊಂಡಿದ್ದೇವೆ. ಕಾರನ್ನು ಹಗುರ ಮಾಡಿದರೆ ಅದೇ ದೂರಕ್ಕೆ ಕಡಿಮೆ ಕೋಶ ಸಾಕು. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಸಣ್ಣ ವಿದ್ಯುತ್ ಕಾರು ತಯಾರಾಗಿತ್ತು: ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಫಲಕ. ಅದರ ಅಪಘಾತ ರಕ್ಷಣೆ ದುರ್ಬಲವಾಗಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಆ ಹಗುರತನದ ಜೊತೆಗೆ ಇಂದಿನ ಗಟ್ಟಿ ಉಕ್ಕಿನ ಪಂಜರ ಮತ್ತು ಇಂದಿನ ಬ್ಯಾಟರಿ ಸೇರಿಸುವ ಹಾದಿಯನ್ನು ನಾವು ಹಿಡಿಯಲಿಲ್ಲ. ಕಂಪನಿಯ ಸರಾಸರಿ ಲೆಕ್ಕ ಹಾಕುವಾಗ ಒಂದು ವಿದ್ಯುತ್ ವಾಹನವನ್ನು ಮೂರು ಎಂದು ಎಣಿಸುವ ಕೆಫೆ ನಿಯಮ, ಆ ವಾಹನ 800 ಕೆ.ಜಿ. ಇದೆಯೋ ಎರಡು ಟನ್ ಇದೆಯೋ ಎಂದು ಕೇಳುವುದಿಲ್ಲ.

ಬೇರೆ ದೇಶಗಳು ಕೇಳತೊಡಗಿವೆ. ಜಪಾನ್ 1971ರಿಂದ ವಾಹನದ ತೂಕಕ್ಕೆ ತೆರಿಗೆ ವಿಧಿಸುತ್ತಿದೆ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರನೇ ಒಂದು ಭಾಗದಷ್ಟು 660 ಸಿ.ಸಿ.ಯ ಪುಟ್ಟ ಕಾರುಗಳು. ಫ್ರಾನ್ಸ್ 2022ರಲ್ಲಿ 1800 ಕೆ.ಜಿ. ಮೀರಿದ ಪ್ರತಿ ಕಿಲೋಗೆ 10 ಯೂರೋ ಹೇರಿತು, 2024ರಲ್ಲಿ ಮಿತಿಯನ್ನು 1600ಕ್ಕೆ ಇಳಿಸಿತು. ಅಮೆರಿಕವು ಇಂಧನ ನಿಯಮದ ಗುರಿಯನ್ನು ತೂಕದ ಮೇಲಲ್ಲ, ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣದ ಮೇಲೆ ಕಟ್ಟಿದೆ. ಆ ಪದ್ಧತಿಯಲ್ಲೂ ಕೊರತೆಗಳಿವೆ, ದೊಡ್ಡ ಗಾಡಿಗೆ ಸಲೀಸು. ಆದರೆ ಅದೇ ಗಾತ್ರದ ಗಾಡಿಯನ್ನು ಹಗುರ ಮಾಡಿದರೆ ಉಳಿತಾಯ ಪೂರ್ತಿಯಾಗಿ ತಯಾರಕರ ಲೆಕ್ಕಕ್ಕೇ ಬರುತ್ತದೆ. ಆ ನಿಯಮವಿದ್ದ ಕಾಲದಲ್ಲಿಯೇ ಫೋರ್ಡ್ ತನ್ನ ಅತಿ ಹೆಚ್ಚು ಮಾರಾಟದ ಪಿಕ್‌ಅಪ್‌ಗೆ 2015ರಲ್ಲಿ ಅಲ್ಯೂಮಿನಿಯಂ ದೇಹ ಹಾಕಿ 300 ಕೆ.ಜಿ.ಗೂ ಹೆಚ್ಚು ಇಳಿಸಿತು.

ಈಗ ನನ್ನ ಕೋರಿಕೆಗಳು.

ಕೆಫೆ ನಿಯಮ ರೂಪಿಸುವ ಇಂಧನ ದಕ್ಷತಾ ಬ್ಯೂರೋ ತಮ್ಮ ಸಚಿವಾಲಯದ್ದಲ್ಲ, ವಿದ್ಯುತ್ ಸಚಿವಾಲಯದ್ದು ಎಂದು ಬಲ್ಲೆ. ಆದರೆ ಕಾರು ಉದ್ಯಮದ ಪರವಾಗಿ ಆ ಚರ್ಚೆಯಲ್ಲಿ ಕೂರುವವರು ತಾವು. 2025ರ ಸೆಪ್ಟೆಂಬರಿನಲ್ಲಿ ಹೊರಬಂದ ಮೂರನೆಯ ಹಂತದ ಕರಡು 909 ಕೆ.ಜಿ. ಒಳಗಿನ ಸಣ್ಣ ಕಾರಿಗೆ ಉಗುಳುವ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಕಿ.ಮೀ.ಗೆ 3 ಗ್ರಾಂ ರಿಯಾಯಿತಿಯ ಮಾತಾಡಿತು. ಅದರ ಮೇಲೆ ಕಂಪನಿಗಳ ನಡುವೆ ದೊಡ್ಡ ಜಗಳವೇ ಆಯಿತು. ಯಾವ ಕಂಪನಿಗೆ ಅನುಕೂಲ ಎಂಬ ಜಗಳದಲ್ಲಿ ಮೂಲ ಪ್ರಶ್ನೆ ಮುಚ್ಚಿಹೋಯಿತು: ಗುರಿಯನ್ನು ತೂಕಕ್ಕೆ ಕಟ್ಟುವುದೇ ತಪ್ಪಲ್ಲವೇ? ಗುರಿಯನ್ನು ತೂಕದಿಂದ ಬಿಡಿಸಿ ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ಕಟ್ಟುವಂತೆ, ಅದಾಗುವವರೆಗೆ ಸೂತ್ರದ ಏರನ್ನು, ಅಂದರೆ ತೂಕ ಹೆಚ್ಚಿದಂತೆ ಗುರಿ ಸಡಿಲವಾಗುವ ಪ್ರಮಾಣವನ್ನು, ಅರ್ಧಕ್ಕಾದರೂ ಇಳಿಸುವಂತೆ ತಾವು ಒತ್ತಾಯಿಸಬೇಕು. ಹಾಗೆ ಮಾಡಿದರೆ ಸಣ್ಣ ಕಾರಿಗೆ ಪ್ರತ್ಯೇಕ ರಿಯಾಯಿತಿಯ ಅಗತ್ಯವೂ ಬೀಳುವುದಿಲ್ಲ.

ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ನಾವೆಲ್ಲ ಸಿಎಂಟಿಐ ಎನ್ನುವುದು, 1962ರಿಂದ ಇದೆ, ತಮ್ಮ ಸಚಿವಾಲಯದ ಅಡಿಯಲ್ಲೇ ಇದೆ, ಪೀಣ್ಯದ ನೆರೆಯಲ್ಲೇ ಇದೆ. ಅಲ್ಲಿ ಬಿಸಿ ಒತ್ತುವಿಕೆಯ ಒಂದು ಪ್ರಾಯೋಗಿಕ ಪ್ರೆಸ್, ಕುಲುಮೆ ಮತ್ತು ಚಿಮ್ಮುವಿಕೆಯನ್ನು ಮೊದಲೇ ಲೆಕ್ಕ ಹಾಕುವ ತಂತ್ರಾಂಶ ಇಟ್ಟು, ಗಂಟೆ ಲೆಕ್ಕದ ಬಾಡಿಗೆಗೆ ಸಣ್ಣ ಘಟಕಗಳಿಗೆ ತೆರೆದರೆ, ಕರ್ನಾಟಕದ ಪ್ರೆಸ್ ಶಾಪ್‌ಗಳು ಬ್ರಾಕೆಟ್‌ನಿಂದ ಕಂಬಗಳವರೆಗೆ ಬೆಳೆಯುತ್ತವೆ. ಬಳ್ಳಾರಿಯ ತೋರಣಗಲ್ಲಿನಲ್ಲಿ ಕಾರಿಗೆ ಬೇಕಾದ ಗಟ್ಟಿ ತಗಡು ತಯಾರಾಗುತ್ತಿದೆ. ತಗಡು ನಮ್ಮ ರಾಜ್ಯದ್ದು, ಒತ್ತುವ ಕೈಯೂ ನಮ್ಮದೇ, ನಡುವಿನ ಒಂದು ಯಂತ್ರ ಮಾತ್ರ ಇಲ್ಲ. ಭದ್ರಾವತಿಯ ವಿಶ್ವೇಶ್ವರಯ್ಯ ಕಾರ್ಖಾನೆಯ ಪುನಶ್ಚೇತನದ ಚರ್ಚೆ ನಡೆದಾಗಲೂ ಇದನ್ನು ನೆನೆಯಬೇಕೆಂದು ಕೋರುತ್ತೇನೆ. ಗೇರು, ಆಕ್ಸಲ್‌ಗಳನ್ನು ಚಿಕ್ಕದಾಗಿಸಲು ಬೇಕಾದ ಶುದ್ಧ ಮಿಶ್ರ ಉಕ್ಕು ಆ ಊರಿನ ಹಳೆಯ ವಿದ್ಯೆ.

ವಾಹನ ಮತ್ತು ಬಿಡಿಭಾಗಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ 2021ರಲ್ಲಿ 25,938 ಕೋಟಿ ರೂಪಾಯಿ, ವಿಶೇಷ ಉಕ್ಕಿಗೆ 6,322 ಕೋಟಿ ರೂಪಾಯಿ ತೆಗೆದಿಟ್ಟರು. ಎರಡೂ ಈಗ ತಮ್ಮ ಖಾತೆಗಳಲ್ಲಿವೆ. ಮುಂದೆ ಇಂತಹ ಯೋಜನೆ ಬರುವಾಗ, ಅದೇ ಬಲದಲ್ಲಿ ತೂಕ ಇಳಿಸಿದ ಬಿಡಿಭಾಗಕ್ಕೆ, ಇಳಿಸಿದ ಪ್ರತಿ ಕಿಲೋಗೆ ಇಂತಿಷ್ಟು ಎಂದು ನೇರವಾಗಿ ಅದನ್ನು ತಯಾರಿಸಿದ ಘಟಕಕ್ಕೇ ಸಲ್ಲುವಂತೆ ಒಂದು ಕಲಮನ್ನು ಸೇರಿಸಬೇಕು. ಮರುಪರೀಕ್ಷೆಯ ಖರ್ಚಿನ ಅರ್ಧವನ್ನು ಅದೇ ನಿಧಿ ಹೊರಲಿ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐ ಸಂಸ್ಥೆ ತಮ್ಮ ಸಚಿವಾಲಯದ ಜೊತೆಗೇ ಇರುವುದರಿಂದ ಪರೀಕ್ಷೆಯ ಸರದಿಯನ್ನೂ ಸುಲಭ ಮಾಡಬಹುದು.

ಕೊಳ್ಳುವವರಿಗೂ ತೂಕ ಕಾಣಬೇಕು. ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಕಡ್ಡಾಯ ಮಾಡಿದ ಸರ್ಕಾರ, ಕಾರಿನ ಗಾಜಿನ ಮೇಲೂ ಜಾಹೀರಾತಿನಲ್ಲೂ ಆ ಮಾದರಿಯ ತೂಕವನ್ನು ದಪ್ಪ ಅಕ್ಷರದಲ್ಲಿ ಬರೆಸಲಿ. ಸನ್‌ರೂಫ್ ಇರುವ ಮಾದರಿಗೂ ಇಲ್ಲದ ಮಾದರಿಗೂ ಎಷ್ಟು ವ್ಯತ್ಯಾಸ ಎಂದು ಜನ ತಾವೇ ನೋಡಿಕೊಳ್ಳುತ್ತಾರೆ.

ಈ ಪತ್ರದ ಪ್ರತಿಯನ್ನು ರಾಜ್ಯದ ಸಾರಿಗೆ ಸಚಿವರಿಗೂ ಕಳುಹಿಸುತ್ತಿದ್ದೇನೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ನಿಗದಿಯಾಗುತ್ತದೆ. ಲಾರಿಗಳಿಗೆ ತೂಕದ ಮೇಲೆ ತೆರಿಗೆ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು, ಪ್ರತಿ ಕಾರಿನ ಆರ್‌ಸಿಯಲ್ಲೂ ಖಾಲಿ ವಾಹನದ ತೂಕ ನಮೂದಾಗಿದೆ. ಹೊಸ ಅಳತೆ ಬೇಕಿಲ್ಲ, ಹೊಸ ಅಧಿಕಾರಿ ಬೇಕಿಲ್ಲ. ಒಂದೂವರೆ ಟನ್ ಮೀರಿದ ಖಾಸಗಿ ಕಾರಿಗೆ ಕಿಲೋ ಲೆಕ್ಕದಲ್ಲಿ ಸಣ್ಣ ಹೆಚ್ಚುವರಿ ತೆರಿಗೆ, ಒಂದು ಟನ್ನಿಗಿಂತ ಕೆಳಗಿನ ಕಾರಿಗೆ ಅಷ್ಟೇ ರಿಯಾಯಿತಿ ಸಾಕು. ಅಂಗವಿಕಲರ ವಾಹನ ಮತ್ತು ಹೆಚ್ಚು ಜನರನ್ನು ಒಯ್ಯುವ ಕುಟುಂಬಗಳ ವಾಹನಕ್ಕೆ ವಿನಾಯಿತಿ ಇರಲಿ.

ನಾನು ಮೇಲೆ ಹೇಳಿದ ಬ್ರಾಕೆಟ್ಟಿನ ಎರಡೂ ಮಾದರಿಗಳು, ಭಾರ ಹೇರಿದ ಪರೀಕ್ಷೆಯ ದಾಖಲೆ ಸಹಿತ, ನಮ್ಮ ಟೂಲ್ ರೂಮಿನಲ್ಲಿವೆ. ಸಿಎಂಟಿಐ ಅಧಿಕಾರಿಗಳು ಯಾವ ದಿನ ಹೇಳಿದರೂ ತಂದು ಒಪ್ಪಿಸುತ್ತೇವೆ. ಇಂತಹ ಮಾದರಿಗಳು ಈ ಪ್ರದೇಶದ ಇನ್ನೂ ಎಷ್ಟೋ ಅಂಗಡಿಗಳಲ್ಲಿ ಧೂಳು ಹಿಡಿಯುತ್ತಿವೆ. ತಮ್ಮ ಸಚಿವಾಲಯ ಒಂದು ದಿನದ ಸಭೆ ಕರೆದರೆ ಅವರೆಲ್ಲರನ್ನೂ ಸೇರಿಸುವ ಹೊಣೆ ನನ್ನದು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಪೀಣ್ಯ ಕೈಗಾರಿಕಾ ಪ್ರದೇಶದ ಒಬ್ಬ ಬಿಡಿಭಾಗ ತಯಾರಕ
ಬೆಂಗಳೂರು